ಸಾಲ ಇರುವಾಗ ಕಾಣಿಕೆ ಎಷ್ಟು ಕೊಡಬೇಕು?

ಸಾಲದ ಕಂತು ಕಟ್ಟಿದ ಮೇಲೆ ದಶಮಾಂಶಕ್ಕೆ, ಅಂದರೆ ಆದಾಯದ ಹತ್ತನೇ ಒಂದು ಪಾಲನ್ನು ದೇವರಿಗೆ ಕೊಡುವುದಕ್ಕೆ, ಹಣ ಉಳಿಯುವುದಿಲ್ಲ, ಕಡಿಮೆ ಕೊಟ್ಟರೆ ದೇವರಿಗೆ ಬೇಸರ ಆಗುತ್ತಾ ಅಂತ ಕೇಳಿದ್ದೀರಿ. ಇಲ್ಲ, ಆ ಭಯ ಬಿಡಿ.

ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8 ಮತ್ತು 9ನೇ ಅಧ್ಯಾಯ ಒಟ್ಟಿಗೆ ಓದಿ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲ ಹಣ ಕೂಡಿಸುತ್ತಿದ್ದ ಸಮಯ ಅದು. ಆದರೂ ಇಷ್ಟೇ ಕೊಡಿ ಅಂತ ಅವನು ಲೆಕ್ಕ ಹಾಕಿಕೊಡಲಿಲ್ಲ. ಬಲವಂತಕ್ಕೆ ಬೇಡ, ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಕೊಡಿ ಅಂದ (9:7). ಈ ವಚನ ಎಲ್ಲರಿಗೂ ಬಾಯಿಪಾಠ. ನಿಮಗೆ ಜಾಸ್ತಿ ಬೇಕಾಗಿರುವುದು 8:12. ಕೊಡುವ ಮನಸ್ಸಿದ್ದರೆ ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ಮೆಚ್ಚಿಕೆ, ಇಲ್ಲದ್ದನ್ನು ಯಾರೂ ಕೇಳುತ್ತಿಲ್ಲ. ಬೇರೆಯವರ ಹೊರೆ ಇಳಿಸಿ ನಿಮ್ಮ ಮೇಲೆ ಹೊರಿಸುವುದು ನನ್ನ ಉದ್ದೇಶವಲ್ಲ ಅಂತ ಮುಂದಿನ ವಚನದಲ್ಲೇ ಬಿಡಿಸಿ ಹೇಳುತ್ತಾನೆ.

ದೇವಾಲಯದ ಕಾಣಿಕೆ ಪೆಟ್ಟಿಗೆಗೆ ತನ್ನಲ್ಲಿದ್ದ ಎರಡೇ ಕಾಸು ಹಾಕಿದ ಬಡ ವಿಧವೆಯನ್ನು ತೋರಿಸಿ ಒತ್ತಾಯ ಮಾಡುವವರೂ ಇದ್ದಾರೆ. ಅದಕ್ಕೆ ಸ್ವಲ್ಪ ಮುಂಚೆ, ಮಾರ್ಕ 12:40ರಲ್ಲಿ, ವಿಧವೆಯರ ಮನೆಗಳನ್ನು ನುಂಗುವವರನ್ನು ಯೇಸು ಸ್ವಾಮಿ ಖಂಡಿಸಿದ್ದನ್ನೂ ಅವರು ಓದಬೇಕಲ್ವಾ?

ಕಂತು ಮೊದಲು ಕಟ್ಟಿ. ಆಮೇಲೆ ಕೈಲಾದಷ್ಟು, ಎಷ್ಟೇ ಚಿಕ್ಕದಿರಲಿ, ಪ್ರಾರ್ಥಿಸಿ ಎತ್ತಿಡಿ. ಕೈ ಖಾಲಿ ಇರುವ ವಾರ, ನಿಮ್ಮ ಸಭೆಯಲ್ಲಿ ಕಾಯಿಲೆ ಬಿದ್ದವರ ಹತ್ತಿರ ಸ್ವಲ್ಪ ಹೊತ್ತು ಕೂತು ಬನ್ನಿ.