ಪೋಲೆಂಡಿನಲ್ಲಿ ಶಾಲೆಯಿಂದ ಧರ್ಮದ ಪಾಠ ತೆಗೆದ ಮೇಲೂ ಕ್ಯಾಥೊಲಿಕ್ ಯುವ ಸಂಘಟನೆಗಳು ಹೇಗೆ ಉಳಿದವು?

ಶಾಲೆಯಿಂದ ಹೊರಗೆ ಹಾಕಿದ್ದರಿಂದಲೇ ಅವು ಗಟ್ಟಿಯಾದವು ಅಂತ ನನಗನಿಸುತ್ತದೆ. ನಾನು ಕೆಲಸದ ಮೇಲೆ ಮೂರು ವರ್ಷ ಕ್ರಾಕೋವ್‌ನಲ್ಲಿದ್ದೆ. ನಾನಿದ್ದ ಮನೆಯ ಯಜಮಾನಿ 70ರ ದಶಕದಲ್ಲಿ ಹೈಸ್ಕೂಲ್ ಹುಡುಗಿ. ಅವರಿಂದ ಕೇಳಿದ್ದು, ಆಮೇಲೆ ನಾನೇ ಹುಡುಕಿ ಓದಿದ್ದು ಎರಡೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಳೆಯ ಕತೆ. ಜೆಸುಯಿಟ್ ಪಾದ್ರಿಗಳು 1563ರಲ್ಲಿ ರೋಮ್‌ನ ತಮ್ಮ ಕಾಲೇಜಿನಲ್ಲಿ ಮರಿಯಮ್ಮನವರ ಹೆಸರಲ್ಲಿ ವಿದ್ಯಾರ್ಥಿಗಳ ಸೊಡಾಲಿಟಿ, ಅಂದರೆ ಭಕ್ತಿ ಸಂಘ, ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ಬ್ರಾನಿಯೆವೊದ ಜೆಸುಯಿಟ್ ಶಾಲೆಯ ಮೂಲಕ ಪೋಲೆಂಡಿಗೂ ಬಂತು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಂತೂ ಹೈಸ್ಕೂಲುಗಳಲ್ಲಿ ಸೊಡಾಲಿಟಿ ತುಂಬಾ ಸಾಮಾನ್ಯ. ಮುಂದೆ ಎರಡನೇ ಜಾನ್ ಪಾಲ್ ಪೋಪ್ ಆದ ಕರೋಲ್ ವೊಯ್ತಿವಾ, ವಾದೊವಿತ್ಸೆ ಊರಿನ ಶಾಲೆಯಲ್ಲಿ ಓದುವಾಗ ಅಲ್ಲಿನ ಸೊಡಾಲಿಟಿಯ ಅಧ್ಯಕ್ಷ. 1934ರಲ್ಲಿ ಕ್ಯಾಥೊಲಿಕ್ ಯುವಜನರ ಸಂಘಗಳನ್ನೂ ಹೊಸದಾಗಿ ಸಂಘಟಿಸಿದರು. ಪೋಲಿಷ್‌ನಲ್ಲಿ ಅದರ ಚಿಕ್ಕ ಹೆಸರು ಕೆಎಸ್ಎಂ.

ಯುದ್ಧ ಮುಗಿದು ಕಮ್ಯುನಿಸ್ಟರು ಬಂದರು. 1949ರಲ್ಲಿ ಚರ್ಚಿನ ಸಂಘಗಳೆಲ್ಲ ಸರ್ಕಾರದಲ್ಲಿ ನೋಂದಣಿ ಆಗಬೇಕು ಅಂತ ಆದೇಶ ಬಂತು. ಸದಸ್ಯರ ಹೆಸರು ಸರ್ಕಾರದ ಕೈಗೆ ಸಿಕ್ಕರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು, ಅಲ್ವಾ? ಬಿಷಪ್‌ಗಳೇ ಸೊಡಾಲಿಟಿಗಳನ್ನು ನಿಲ್ಲಿಸಿದರು. 1961ರಲ್ಲಿ ಧರ್ಮದ ಪಾಠವೂ ಶಾಲೆಯಿಂದ ಪೂರ್ತಿ ಹೋಯಿತು. ಮಕ್ಕಳು ಶಾಲೆ ಬಿಟ್ಟ ಮೇಲೆ ಚರ್ಚಿನ ಹಿಂದಿನ ಕೋಣೆಗೋ, ಯಾರದೋ ಮನೆಗೋ ಹೋಗಿ ಪಾಠ ಕೇಳಬೇಕಾಯಿತು.

ಇಲ್ಲಿ ಫಾದರ್ ಫ್ರಾಂಚಿಷೆಕ್ ಬ್ಲಾಖ್ನಿತ್ಸ್ಕಿ ಬಗ್ಗೆ ಹೇಳಲೇಬೇಕು. ಹುಡುಗನಾಗಿದ್ದಾಗ ಸ್ಕೌಟ್. ನಾಜಿಗಳು ಹಿಡಿದು ಆಶ್ವಿಟ್ಜ್‌ಗೆ ಹಾಕಿದರು, ಆಮೇಲೆ 1942ರಲ್ಲಿ ಮರಣದಂಡನೆಯನ್ನೂ ಕೊಟ್ಟರು. ಸಾವಿಗಾಗಿ ಕಾಯುತ್ತಿದ್ದ ಆ ಕೋಣೆಯಲ್ಲೇ ಅವರಿಗೆ ದೇವರಲ್ಲಿ ನಂಬಿಕೆ ಹುಟ್ಟಿತು. ಶಿಕ್ಷೆ ಜೈಲುವಾಸಕ್ಕೆ ಇಳಿಯಿತು, ಬದುಕಿ ಬಂದರು, 1950ರಲ್ಲಿ ಪಾದ್ರಿಯಾದರು. 1954ರಲ್ಲಿ ಚರ್ಚಿನ ಬಲಿಪೂಜೆಗೆ (ಮಾಸ್) ಸಹಾಯ ಮಾಡುವ ಹುಡುಗರನ್ನು ಬಿಬಿಯೆಲಾ ಅನ್ನೋ ಹಳ್ಳಿಗೆ ಕರೆದುಕೊಂಡು ಹೋಗಿ ಬೇಸಿಗೆ ಶಿಬಿರ ಮಾಡಿದರು. ಅದೇ ಮೊದಲ 'ಒಆಜಾ', ಅಂದರೆ ಮರುಭೂಮಿಯ ನಡುವಿನ ನೀರಿನ ತಾಣ.

ಶಿಬಿರದ ಕ್ರಮ ನನಗೆ ತುಂಬಾ ಇಷ್ಟ. ಹದಿನೈದು ದಿನ, ಆಗ ಜಪಮಾಲೆಯಲ್ಲಿದ್ದ ಹದಿನೈದು ರಹಸ್ಯಗಳಿಗೆ, ಅಂದರೆ ಜಪ ಮಾಡುತ್ತಾ ನೆನೆಯುವ ಯೇಸು ಮತ್ತು ಮರಿಯಮ್ಮನವರ ಬದುಕಿನ ಘಟನೆಗಳಿಗೆ, ದಿನಕ್ಕೊಂದರಂತೆ. ಮೂರನೇ ರಹಸ್ಯ ಯೇಸುವಿನ ಜನನ. ಹಾಗಾಗಿ ಜುಲೈ ತಿಂಗಳ ಬಿಸಿಲಲ್ಲಿ, ಹುಲ್ಲಿನ ಬಣವೆಗಳ ನಡುವೆ ನಿಂತು ಮಕ್ಕಳು ಕ್ರಿಸ್‌ಮಸ್ ಹಾಡು ಹಾಡುತ್ತಾರೆ! ಈಗ ಅರವತ್ತು ದಾಟಿದ ನಮ್ಮ ಯಜಮಾನಿ ಅದನ್ನು ಹೇಳುವಾಗ ಅಡುಗೆಮನೆಯಲ್ಲೇ ಹಾಡು ಶುರುಮಾಡಿಬಿಟ್ಟರು.

ಸರ್ಕಾರ ಸುಮ್ನೆ ಕೂರಲಿಲ್ಲ. ಶಿಬಿರಕ್ಕೆ ಜಾಗ ಕೊಟ್ಟ ಬೆಟ್ಟದ ರೈತರಿಗೆ ದಂಡ ಹಾಕಿದರು, ಪೊಲೀಸರು ಬಂದು ಮಕ್ಕಳ ಹೆಸರು ಬರೆದುಕೊಂಡರು. ಯಜಮಾನಿ ಮಲಗಿದ್ದು ಒಬ್ಬ ರೈತನ ಕೊಟ್ಟಿಗೆಯ ಅಟ್ಟದಲ್ಲಿ. ಅವನಿಗೂ ದಂಡ ಬಿತ್ತಂತೆ, ಮುಂದಿನ ವರ್ಷವೂ ಅವನು ಬಾಗಿಲು ತೆರೆದನಂತೆ. ಇಂಥವರಿಲ್ಲದೆ ಯಾವ ಪಾದ್ರಿಯೂ ಇದನ್ನು ನಡೆಸಲು ಆಗುತ್ತಿರಲಿಲ್ಲ. ಆಗ ಕ್ರಾಕೋವ್‌ನ ಕಾರ್ಡಿನಲ್ ಆಗಿದ್ದ ವೊಯ್ತಿವಾ ಬೆಟ್ಟ ಹತ್ತಿ ಬಂದು ಈ ಮಕ್ಕಳನ್ನು ನೋಡುತ್ತಿದ್ದರು. ಒಂದು ಬೇಸಿಗೆಗೆ ಹತ್ತಾರು ಸಾವಿರ ಜನ ಸೇರುವಷ್ಟು ಅದು ಬೆಳೆಯಿತು. 1976ರಿಂದ ಅದರ ಹೆಸರು 'ಬೆಳಕು-ಬದುಕು' ಚಳವಳಿ.

ಶಾಲೆಯ ಒಳಗೂ ಧೈರ್ಯ ಕಂಡಿತು. ಮಿಯೆಂತ್ನೆಯ ಕೃಷಿ ಶಾಲೆಯಲ್ಲಿ ಶಿಲುಬೆಗಳನ್ನು ತೆಗೆದಾಗ, 1984ರ ಮಾರ್ಚಿನಲ್ಲಿ ನೂರಾರು ವಿದ್ಯಾರ್ಥಿಗಳು ಶಾಲೆಯಲ್ಲೇ ಧರಣಿ ಕೂತರು. ಹೊರಗೆ ಸಶಸ್ತ್ರ ಪೊಲೀಸರು. ಒಳಗಿದ್ದವರು ಹದಿನಾರು ಹದಿನೇಳರ ಮಕ್ಕಳು.

ಬ್ಲಾಖ್ನಿತ್ಸ್ಕಿ 1981ರ ಕೊನೆಯಲ್ಲಿ ವಿದೇಶಕ್ಕೆ ಹೋದವರು ತಿರುಗಿ ಬರಲಾಗಲಿಲ್ಲ. ಪೋಲೆಂಡಿನಲ್ಲಿ ಸೇನಾಡಳಿತ ಬಂದಿತ್ತು. 1987ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಅದು ವಿಷ ಹಾಕಿ ಮಾಡಿದ ಕೊಲೆ ಅಂತ ಪೋಲೆಂಡಿನ ತನಿಖಾಧಿಕಾರಿಗಳು 2023ರಲ್ಲಿ ಘೋಷಿಸಿದರು. ಆ ಸುದ್ದಿ ಓದಿದಾಗ ನನಗೆ ತುಂಬಾ ಸಂಕಟವಾಯಿತು.

1990ರಲ್ಲಿ ಧರ್ಮದ ಪಾಠ ಶಾಲೆಗೆ ಮರಳಿತು, ಕೆಎಸ್ಎಂ ಕೂಡ ಮತ್ತೆ ಶುರುವಾಯಿತು. ಆದರೆ ಈಗ ಆ ತರಗತಿ ಬೇಡ ಅನ್ನುವ ಮಕ್ಕಳು ಜಾಸ್ತಿ. 2025ರ ಸೆಪ್ಟೆಂಬರಿನಿಂದ ಅದು ವಾರಕ್ಕೆ ಎರಡರ ಬದಲು ಒಂದೇ ಗಂಟೆ. ಪಾಠ ಶಾಲೆಗೆ ಬಂದಿದ್ದೇ ತಪ್ಪಾಯಿತು, ಅಟ್ಟದಲ್ಲಿ ಮಲಗಿ ಕಲಿತದ್ದು ಬೆಂಚಿನಲ್ಲಿ ಕೂತರೆ ಬರುವುದಿಲ್ಲ ಅನ್ನುತ್ತಾರೆ ಯಜಮಾನಿ. ಅವರ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗುವಿಗೆ ಆ ಒಂದು ಗಂಟೆಯೂ ಬೇಕು.

ಒಆಜಾ ಶಿಬಿರಗಳು ಇವತ್ತಿಗೂ ನಡೆಯುತ್ತವೆ. ದುನಾಯೆತ್ಸ್ ನದಿ ದಡದ ಕ್ರೊಶ್ಚಿಯೆಂಕೊ ಅದರ ಕೇಂದ್ರ, ಬ್ಲಾಖ್ನಿತ್ಸ್ಕಿಯವರ ಸಮಾಧಿಯೂ ಅಲ್ಲೇ ಇದೆ. ಹೋಗುವುದಾದರೆ ಬೇಸಿಗೆಯಲ್ಲಿ ಹೋಗಿ. ಶಿಬಿರದ ಮೂರನೇ ದಿನಕ್ಕೆ ಸರಿಯಾಗಿ ತಲುಪಿದರೆ ಕ್ರಿಸ್‌ಮಸ್ ಹಾಡು ಕೇಳಬಹುದು.