ಗ್ಲೌಸ್ ಹಾಕಿಕೊಂಡಿದ್ದರೂ ನರ್ಸ್‌ಗಳು ಮತ್ತೆ ಕೈ ತೊಳೆಯುವುದು ಯಾಕೆ?

ನಿಮ್ಮ ತಂದೆಯ ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಗ್ಲೌಸ್ ಬಿಚ್ಚಿ ಮತ್ತೆ ಕೈ ತೊಳೆದರು, ಇನ್ನೊಬ್ಬರು ಅದೇ ಗ್ಲೌಸಿನಲ್ಲಿ ಪಕ್ಕದ ಬೆಡ್ಡಿಗೂ ಹೋದರು, ಯಾರು ಸರಿ ಅಂತ ಕೇಳಿದ್ದೀರಿ. ನಾನು ಸ್ಟಾಫ್ ನರ್ಸ್. ಮೊದಲನೆಯವರು ಮಾಡಿದ್ದೇ ಸರಿ, ಅನುಮಾನವೇ ಬೇಡ.

ವಾರ್ಡಿನಲ್ಲಿ ನಾವು ಹಾಕುವ ಸಾದಾ ಗ್ಲೌಸ್ ಮುಖ್ಯವಾಗಿ ರಕ್ತ, ಕೀವು, ಮಲಮೂತ್ರ ನಮ್ಮ ಕೈಗೆ ತಾಗದಿರಲಿ ಅಂತ. ಆಪರೇಷನ್ ಥಿಯೇಟರಿಗೆ ರಬ್ಬರ್ ಗ್ಲೌಸ್ ಬಂದ ಕತೆಯೂ ಹಾಗೇ. 1890ರ ಆಸುಪಾಸಿನಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಸರ್ಜನ್ ಹಾಲ್‌ಸ್ಟೆಡ್ ಅದನ್ನು ಮಾಡಿಸಿದ್ದು ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್‌ಗಾಗಿ. ಕ್ರಿಮಿನಾಶಕದಿಂದ ಅವರ ಕೈ ಚರ್ಮ ಕಿತ್ತುಬರುತ್ತಿತ್ತು. ರೋಗಿಗೆ ಅದರಿಂದ ಸೋಂಕು ತಪ್ಪುತ್ತದೆ ಅನ್ನುವುದು ಆಮೇಲೆ ಮನವರಿಕೆಯಾದದ್ದು.

ಈಗ ನೋಡಿ, ಯೂರಿನ್ ಬ್ಯಾಗ್ ಖಾಲಿ ಮಾಡಿದ ಗ್ಲೌಸಿನಲ್ಲೇ ಮಂಚದ ಕಂಬಿ ಹಿಡಿದು, ಕೇಸ್ ಶೀಟ್ ಮುಟ್ಟಿ, ಪಕ್ಕದವರ ಕ್ಯಾನುಲಾದ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆಯ) ಮುಚ್ಚಳ ತಿರುಗಿಸಿದರೆ ಏನಾಗುತ್ತದೆ? ಒಬ್ಬರ ರೋಗಾಣು ಇನ್ನೊಬ್ಬರ ರಕ್ತಕ್ಕೇ ಸೇರಬಹುದು. ಬರಿಗೈಗೆ ಒದ್ದೆ ತಾಗಿದರೆ ತಕ್ಷಣ ತೊಳೆಯೋಣ ಅನ್ನಿಸುತ್ತದೆ. ಗ್ಲೌಸ್ ಇದ್ದರೆ ಹಾಗೆ ಅನ್ನಿಸುವುದೇ ಇಲ್ಲ. ನನಗೆ ಜಾಸ್ತಿ ಹೆದರಿಕೆ ಇರುವುದು ಇದರ ಬಗ್ಗೆಯೇ.

ಬಿಚ್ಚಿದ ಮೇಲೂ ತೊಳೆಯಲು ಕಾರಣವಿದೆ. ಗ್ಲೌಸಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು. ಬಿಚ್ಚುವಾಗಲೂ ಹೊರಗಿನ ಕೊಳೆ ಮಣಿಕಟ್ಟಿಗೆ ತಾಗುತ್ತದೆ. ಒಂದು ಗ್ಲೌಸನ್ನು ಮಣಿಕಟ್ಟಿನ ಹತ್ತಿರ ಹೊರಗಡೆಯಿಂದ ಚಿವುಟಿ ಹಿಡಿದು, ಒಳಮೈ ಹೊರಗೆ ಬರುವ ಹಾಗೆ ಎಳೆಯಬೇಕು. ಅದನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿಟ್ಟುಕೊಂಡು, ಬರಿ ಬೆರಳನ್ನು ಎರಡನೇ ಗ್ಲೌಸಿನ ಒಳಗೆ ತೂರಿಸಿ ಹಾಗೇ ಮಗುಚಬೇಕು. ಎರಡೂ ಆಸ್ಪತ್ರೆ ಕಸದ ಕೆಂಪು ಬ್ಯಾಗಿಗೆ ಹೋಗಬೇಕು. ಅವಸರದಲ್ಲಿ ಇದನ್ನು ಸರಿಯಾಗಿ ಮಾಡುವುದು ಕಷ್ಟ, ಅದಕ್ಕೇ ಕೈ ತೊಳೆಯುವುದನ್ನು ಬಿಡುವಂತಿಲ್ಲ.

ಕೈ ಕೊಳೆಯಾಗಿ ಕಾಣದಿದ್ದರೆ ಹ್ಯಾಂಡ್ ರಬ್, ಅಂದರೆ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಸಾಕು. 20ರಿಂದ 30 ಸೆಕೆಂಡು, ಹೆಬ್ಬೆರಳು, ಬೆರಳ ಸಂದು, ಉಗುರಿನ ತುದಿ ಬಿಡದೆ ಒಣಗುವ ತನಕ ಉಜ್ಜಬೇಕು. ಕಾಣುವಂತೆ ಕೊಳೆಯಾಗಿದ್ದರೆ ಸೋಪು, ನೀರು, 40ರಿಂದ 60 ಸೆಕೆಂಡು. ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಭೇದಿ ಇರುವ ರೋಗಿಯನ್ನು ನೋಡಿದ ಮೇಲೂ ಸೋಪೇ ಬೇಕು, ಅದರ ಬೀಜಕಣ ಆಲ್ಕೋಹಾಲಿಗೆ ಸಾಯುವುದಿಲ್ಲ. ಗ್ಲೌಸಿನ ಮೇಲೆ ಸ್ಯಾನಿಟೈಸರ್ ಹಚ್ಚಿ ಮುಂದಿನ ರೋಗಿಯ ಹತ್ತಿರ ಹೋಗುವುದನ್ನು ಕೆಲವರು ಮಾಡುತ್ತಾರೆ, ಅದೂ ತಪ್ಪು.

ಇನ್ನೊಂದು ಮಾತು. ಬಿಪಿ ನೋಡಲು, ಜ್ವರ ನೋಡಲು, ಮಾತ್ರೆ ಕೊಡಲು ಸಾಮಾನ್ಯವಾಗಿ ಗ್ಲೌಸೇ ಬೇಡ, ಶುದ್ಧವಾದ ಕೈ ಸಾಕು. ಹಾಗಾಗಿ ಸಿಸ್ಟರ್ ಬರಿಗೈಯಲ್ಲಿ ನಾಡಿ ಹಿಡಿದರೆ ಗಾಬರಿಯಾಗಬೇಡಿ. ಆದರೆ ಯಾರಾದರೂ ಬೇರೆ ರೋಗಿಯನ್ನು ಮುಟ್ಟಿದ ಗ್ಲೌಸಿನಲ್ಲೇ ನಿಮ್ಮ ತಂದೆಯ ಡ್ರಿಪ್ ಮುಟ್ಟಲು ಬಂದರೆ, 'ಸಿಸ್ಟರ್, ಗ್ಲೌಸ್ ಬದಲಾಯಿಸಿ ಕೈಗೆ ರಬ್ ಹಾಕ್ಕೊಳ್ತೀರಾ?' ಅಂತ ಕೇಳಿಬಿಡಿ. ನನ್ನನ್ನು ಯಾರಾದರೂ ಹಾಗೆ ಕೇಳಿದರೆ ನನಗೆ ಬೇಜಾರಾಗುವುದಿಲ್ಲ.