ಅತಿಥಿ ಶಿಕ್ಷಕರಾಗಿ ಬರುವ ಕಲಾವಿದರನ್ನು ಶಾಲು-ಹಾರ ಬಿಟ್ಟು ಹೇಗೆ ಗೌರವಿಸಬಹುದು?

ನಿಮ್ಮ ಕಾಲೇಜು ಮಂಜೇಶ್ವರದ ಕಡೆ. ಯಕ್ಷಗಾನ, ನಾಟಕ, ಕಿರುಚಿತ್ರ ಕಲಿಸಲು ಗಂಟೆ ಲೆಕ್ಕದಲ್ಲಿ ಕೆಲವು ಕಲಾವಿದರು ಬರುತ್ತಾರೆ. ಅವರಿಗಾಗಿ ಒಂದು ದಿನ ಇಡಬೇಕು, ಶಾಲು, ಹಾರ, ಹಣ್ಣಿನ ಬುಟ್ಟಿ ಬಿಟ್ಟು ಬೇರೇನು ಮಾಡಬಹುದು ಅಂತ ಕೇಳಿದ್ದೀರಿ. ನಾನು ಕಾಸರಗೋಡಿನಲ್ಲೇ ಕನ್ನಡ ಕಲಿಸುವವಳು, ಇಂಥ ಕಾರ್ಯಕ್ರಮಗಳಿಗೆ ಸಾಕಷ್ಟು ಓಡಾಡಿದ್ದೇನೆ. ನನ್ನ ಉತ್ತರ ಇಷ್ಟೇ: ಆ ದಿನ ಅವರ ಬಗ್ಗೆ ಭಾಷಣ ಬೇಡ. ಅವರ ಕೆಲಸವನ್ನೇ ವೇದಿಕೆಗೆ ತನ್ನಿ.

ಅದಕ್ಕೂ ಮೊದಲು ಒಬ್ಬೊಬ್ಬರ ಜೊತೆ ಕೂತು, ಈ ವರ್ಷ ಕಾಲೇಜಿನ ಹೊರಗೆ ಏನೇನು ಮಾಡಿದಿರಿ ಅಂತ ಕೇಳಿ. ಆಫೀಸಿನವರಿಗೆ ಅವರು ಒಂದು ಸಹಿ, ಒಂದು ವೋಚರ್. ಪಕ್ಕದ ಕೋಣೆಯಲ್ಲಿ ಪಾಠ ಮಾಡುವ ನಮಗೂ ಜಾಸ್ತಿ ಗೊತ್ತಿರುವುದಿಲ್ಲ. ಕೇಳಿದರೆ ಒಬ್ಬರು ಹಿಂದಿನ ರಾತ್ರಿ ವೇಷ ಕಳಚಿ ನೇರ ಬಸ್ಸು ಹತ್ತಿ ಬಂದಿರುತ್ತಾರೆ. ಇನ್ನೊಬ್ಬರು ಯಾವುದೋ ತಂಡದ ನಾಟಕಕ್ಕೆ ಬೆಳಕಿನ ವಿನ್ಯಾಸ ಮಾಡಿರುತ್ತಾರೆ. ಮತ್ತೊಬ್ಬರ ಹೆಸರು ಸಿನಿಮಾ ಮುಗಿದು ಜನ ಎದ್ದು ಹೊರಡುವಾಗ ಪರದೆಯ ಮೇಲೆ ಹೋಗುತ್ತಿರುತ್ತದೆ, ಸಂಕಲನ ವಿಭಾಗದಲ್ಲಿ.

ಯಕ್ಷಗಾನದ ಗುರುಗಳಿದ್ದರೆ ಚೌಕಿಯನ್ನೇ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗವನ್ನೇ, ಸಭೆಯ ಎದುರು ಇಡಿ. ನಾವು ಒಂದು ಸಲ ಹೀಗೆ ಮಾಡಿದ್ದೆವು. ಬಣ್ಣದ ವೇಷದ (ರಾಕ್ಷಸ ಪಾತ್ರಗಳ) ಕಲಾವಿದರು ವೇದಿಕೆಯ ಮೇಲೆ ಚಾಪೆ ಹಾಸಿಕೊಂಡು, ಕನ್ನಡಿ ಇಟ್ಟುಕೊಂಡು ಕೂತರು. ಮೊದಲು ಬಣ್ಣದ ರೇಖೆಗಳು. ಆಮೇಲೆ ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಕಲಸಿದ್ದನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಕೆನ್ನೆಯ ಮೇಲೆ ಒಂದೊಂದೇ ಚಿಟ್ಟಿ, ಅಂದರೆ ಉಬ್ಬಿದ ಚುಕ್ಕಿ, ಇಡುತ್ತಾ ಹೋದರು. ಪ್ರತಿಯೊಂದೂ ಮೊನಚಾಗಿ ಎದ್ದು ನಿಲ್ಲಬೇಕು, ಎರಡೂ ಕಡೆ ಸಮ ಇರಬೇಕು. ಅಷ್ಟು ಹೊತ್ತೂ ಮಾತಿಲ್ಲ, ನಗುವಿಲ್ಲ. ತರಗತಿಯಲ್ಲಿ ಹೆಜ್ಜೆ ತಪ್ಪಿದರೆ ಗದರುತ್ತಿದ್ದ ಮಾಷ್ಟ್ರ ಮುಖ ಮಕ್ಕಳ ಕಣ್ಣೆದುರೇ ಸ್ವಲ್ಪ ಸ್ವಲ್ಪವಾಗಿ ಮರೆಯಾಯಿತು. ಗಂಟೆಗಟ್ಟಲೆ ಹಿಡಿಯುವ ಕೆಲಸ ಅದು, ಆದರೂ ಹಿಂದಿನ ಬೆಂಚಿನವರು ಕೂಡ ಮುಂದೆ ಬಂದು ನೆಲದಲ್ಲಿ ಕೂತಿದ್ದರು. ಕೊನೆಗೆ ಕಿರೀಟ ಕಟ್ಟಿ ಆಯಿತು. ಇಬ್ಬರು ವಿದ್ಯಾರ್ಥಿಗಳು ತೆರೆ ಹಿಡಿದರು. ಚೆಂಡೆ ಏರಿತು, ತೆರೆಯ ಹಿಂದಿನಿಂದ ಆರ್ಭಟ ಕೇಳಿತು. ತೆರೆ ಹಿಡಿದಿದ್ದ ಹುಡುಗನೇ ಬೆಚ್ಚಿಬಿದ್ದ. ಆ ಮಾಷ್ಟ್ರು ಯಾರು, ಅವರ ಯೋಗ್ಯತೆ ಏನು ಅಂತ ಆಮೇಲೆ ಯಾರೂ ಪರಿಚಯ ಮಾಡಿಕೊಡಬೇಕಾಗಲಿಲ್ಲ.

ಇನ್ನೊಂದು ವಿಷಯ. ಹೊರಗಿನ ಪ್ರದರ್ಶನ ಮಾತ್ರ ಸೃಜನಶೀಲ ಕೆಲಸ, ಕಲಿಸುವುದು ಬರೀ ಡ್ಯೂಟಿ ಅಂತ ಭಾವಿಸಬೇಡಿ. ನಮ್ಮ ಜಿಲ್ಲೆಯಲ್ಲಂತೂ ಅದು ನಿಜವೇ ಅಲ್ಲ. ಇದೇ ಗುರುಗಳು ಶಾಲೆಗಳಿಗೂ ಹೋಗುತ್ತಾರೆ, ಯಾಕಂದ್ರೆ ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಅಲ್ಲಿ ವೇಷ ಕಟ್ಟುವ ಎಷ್ಟೋ ಮಕ್ಕಳು ಮಲಯಾಳ ಮಾಧ್ಯಮದವರು. ಮನೆಯಲ್ಲಿ ಒಂದು ಭಾಷೆ, ರಂಗದ ಮೇಲೆ ಕನ್ನಡ. ನನಗೆ ಪರಿಚಯದ ಒಬ್ಬಳು ಹುಡುಗಿಯ ಪುಸ್ತಕದಲ್ಲಿ ದೇವಿಯ ಮಾತುಗಳೆಲ್ಲ ಮಲಯಾಳ ಅಕ್ಷರದಲ್ಲಿದ್ದವು. ಗುರುಗಳು ಪಕ್ಕದಲ್ಲಿ ಕೂತು, ಅವಳ ನಾಲಿಗೆ ತೊಡರುವ ಕಡೆಯೆಲ್ಲ ಪದ ಬದಲಿಸಿ ಹೊಸದಾಗಿ ಮಾತು ಕಟ್ಟಿಕೊಟ್ಟಿದ್ದರು. ಅರ್ಥ ಕೆಡಬಾರದು, ಗತ್ತು ಇಳಿಯಬಾರದು, ಅವಳ ಬಾಯಲ್ಲೂ ಹೊರಳಬೇಕು. ಹೆಜ್ಜೆ ಹೇಳಿಕೊಡುವಾಗ ತುಳು, ಬೈಯುವಾಗ ಮಲಯಾಳ, ಅರ್ಥ, ಅಂದರೆ ಪಾತ್ರದ ಮಾತು, ಹೇಳಿಸುವಾಗ ಅಚ್ಚ ಕನ್ನಡ! ಅದರ ಜೊತೆಗೆ ರಾತ್ರಿಯಿಡೀ ಆಡುವ ಪ್ರಸಂಗವನ್ನು ಸ್ಪರ್ಧೆಯ ಸಮಯಕ್ಕೆ ಇಳಿಸಬೇಕು. ಯಾವ ಪದ್ಯ ಬಿಡಬೇಕು, ಯಾವುದು ಬಿಟ್ಟರೆ ಕಥೆ ಕುಸಿಯುತ್ತದೆ ಅಂತ ಗೊತ್ತಾಗಲು ಪ್ರಸಂಗ ಬಾಯಿಗೆ ಬರಬೇಕು. ಇದೆಲ್ಲ ರಚನೆಯೇ ಅಲ್ವಾ? ನಿಮ್ಮ ಕಾರ್ಯಕ್ರಮದಲ್ಲಿ ಅಂಥ ರಂಗಪ್ರತಿಗಳನ್ನು, ಮಕ್ಕಳ ಪುಸ್ತಕಗಳನ್ನು ಒಂದು ಮೇಜಿನ ಮೇಲೆ ಇಡಿ. ಬಂದವರು ತಿರುವಿ ನೋಡಲಿ.

ಸಿನಿಮಾ ಕಲಿಸುವವರ ಕೆಲಸ ತೋರಿಸುವುದು ಸ್ವಲ್ಪ ಕಷ್ಟ. ವೇಷ ಕಣ್ಣಿಗೆ ಕಾಣುತ್ತದೆ, ಸಂಕಲನ, ಧ್ವನಿ ಕಾಣುವುದಿಲ್ಲ. ಇಡೀ ಸಿನಿಮಾ ಹಾಕುವ ಬದಲು ಒಂದೇ ದೃಶ್ಯ ತೆಗೆದುಕೊಳ್ಳಿ. ಮೊದಲು ಕತ್ತರಿಸದ ಶಾಟ್‌ಗಳು, ಆಮೇಲೆ ಸಿದ್ಧವಾದ ದೃಶ್ಯ, ನಡುವೆ ಅವರೇ ನಿಂತು ಯಾಕೆ ಹೀಗೆ ಮಾಡಿದೆ ಅಂತ ಹೇಳಲಿ. ಧ್ವನಿ ತೆಗೆದು ಒಮ್ಮೆ, ಧ್ವನಿ ಹಾಕಿ ಒಮ್ಮೆ ತೋರಿಸಿದರೂ ಸಾಕು, ಸಭೆಗೆ ಅರ್ಥವಾಗುತ್ತದೆ. ಎರಡು ಎಚ್ಚರಿಕೆ ಬೇಕು. ಹಕ್ಕು ನಿರ್ಮಾಪಕರದ್ದಾಗಿದ್ದರೆ ಅನುಮತಿ ಕೇಳಿ. ಕಿರುಚಿತ್ರ ಇನ್ನೂ ಚಿತ್ರೋತ್ಸವಗಳಿಗೆ ಹೋಗಬೇಕಾಗಿದ್ದರೆ ಕಾಲೇಜಿನ ಯೂಟ್ಯೂಬ್‌ಗೆ ಸುಮ್ನೆ ಹಾಕಿಬಿಡಬೇಡಿ, ಮೊದಲೇ ಆನ್‌ಲೈನ್‌ನಲ್ಲಿ ಬಂದ ಚಿತ್ರವನ್ನು ಕೆಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ಹಾಂ, ಕನ್ನಡ ಚಿತ್ರಕ್ಕೆ ಮಲಯಾಳ ಸಬ್‌ಟೈಟಲ್ ಹಾಕಿಸಿ. ನಮ್ಮೂರಲ್ಲಿ ಸಭೆ ಎರಡೂ ಭಾಷೆಯದ್ದು.

ಈಗ ದುಡ್ಡಿನ ಮಾತು. ಗೌರವಿಸುವ ದಿನವೇ ಅವರಿಂದ ಬಿಟ್ಟಿ ಪ್ರದರ್ಶನ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಕಲಿಸುವುದಕ್ಕೆ ಕೊಡುವ ಸಂಭಾವನೆ ಬೇರೆ, ಆಟಕ್ಕೆ ಕೊಡುವುದು ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ಅತಿಥಿ ಉಪನ್ಯಾಸಕರಿಗೆ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ರೂಪಾಯಿ ಅಂತ ಹೇಳಿದೆ. ಅದರಲ್ಲಿ ವೇಷಭೂಷಣದ ಬಾಡಿಗೆ, ಪದ್ಯ ಹಾಡುವ ಭಾಗವತರು, ಚೆಂಡೆ-ಮದ್ದಳೆಯವರು ಯಾರೂ ಸೇರಿಲ್ಲ. ಹೂವು-ಹಾರಕ್ಕೆ ಇಟ್ಟ ಹಣವನ್ನು ಹಿಮ್ಮೇಳಕ್ಕೆ ಕೊಡಿ.

ಶಾಲಿನ ಬದಲು ಒಂದು ಕಾಗದ ಕೊಡಿ ಅಂತಲೂ ಹೇಳುತ್ತೇನೆ. ‘ಇಷ್ಟು ಗಂಟೆ ಸೇವೆ ಸಲ್ಲಿಸಿದ್ದಾರೆ’ ಅನ್ನುವ ಒಣ ಪ್ರಮಾಣಪತ್ರ ಅಲ್ಲ. ಯಾವ ಪ್ರಸಂಗ ಕಲಿಸಿದರು, ಯಾವ ನಾಟಕ ನಿರ್ದೇಶಿಸಿದರು, ಹೊರಗೆ ಯಾವ ಪಾತ್ರ ಮಾಡಿದರು, ಯಾವ ಚಿತ್ರಕ್ಕೆ ಕೆಲಸ ಮಾಡಿದರು ಅಂತ ವರ್ಷ ಸಮೇತ ಬರೆದು, ಪ್ರಾಂಶುಪಾಲರ ಸಹಿ, ಸೀಲು ಹಾಕಿಸಿ. ಅಕಾಡೆಮಿಗಳಿಗೆ ಅರ್ಜಿ ಹಾಕುವಾಗ ಬೇಕಾಗುವುದು ಇದೇ ದಾಖಲೆ. ‘ಇವರಿಗೆ ಡಿಗ್ರಿ ಎಲ್ಲಿದೆ’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ. ಯಕ್ಷಗಾನ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥಗಾರಿಕೆಯನ್ನು, ಅಂದರೆ ಪಾತ್ರವಾಗಿ ಮಾತು ಕಟ್ಟುವ ಕಲೆಯನ್ನು, ಇವತ್ತಿಗೂ ಧ್ವನಿಮುದ್ರಣ ಹಾಕಿ ಕೇಳಿ ಕಲಿಯುವವರಿದ್ದಾರೆ. ಇಂಥ ಊರಲ್ಲಿ ಆ ಪ್ರಶ್ನೆ ಬರಲೇಬಾರದಿತ್ತು. ಯುಜಿಸಿ ಕೂಡ 2022ರ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿಯಲ್ಲಿ, ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ಕೆಲಸ ಮಾಡಿ ಹೆಸರು ಮಾಡಿದವರಿಗೆ ಔಪಚಾರಿಕ ಪದವಿ ಕಡ್ಡಾಯ ಅಲ್ಲ ಅಂತ ಹೇಳಿದೆ. ಆದರೆ ಆ ವರ್ಷಗಳನ್ನು ತೋರಿಸಲು ಕಾಗದ ಬೇಕಲ್ಲ, ಎಷ್ಟೋ ಹಿರಿಯ ಕಲಾವಿದರ ಹತ್ತಿರ ಇರುವುದು ಕೆಲವು ಹಳೆಯ ಕರಪತ್ರಗಳು, ಫೋಟೋಗಳು ಮಾತ್ರ.

ಆಹ್ವಾನ ಪತ್ರಿಕೆಯಲ್ಲೂ ಹೆಸರಿನ ಕೆಳಗೆ ‘ಅತಿಥಿ ಶಿಕ್ಷಕರು’ ಅಂತ ಹಾಕಬೇಡಿ. ಬಣ್ಣದ ವೇಷಧಾರಿ, ಮದ್ದಳೆಗಾರ, ಸಂಕಲನಕಾರ ಅಂತ ಅವರವರ ಕೆಲಸ ಹಾಕಿ. ಅವರ ಮನೆಯವರನ್ನು ಮುಂದಿನ ಸಾಲಿಗೆ ಕರೆಯಿರಿ.

ದಿನ ಗೊತ್ತು ಮಾಡುವುದು ಕೊನೆಯ ಮಾತಾದರೂ ದೊಡ್ಡ ಮಾತು. ವರ್ಷದ ಕೊನೆಗೆ ಇಡಬೇಡಿ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ಹೊರಟರೆ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯವರೆಗೆ, ತಿರುಗಾಟ, ರಾತ್ರಿ ಆಟ, ಹಗಲು ನಿದ್ದೆ. ಕಲೋತ್ಸವದ ಓಡಾಟವೂ ಸರಿಯಾಗಿ ಆ ಹೊತ್ತಿಗೇ ಬರುತ್ತದೆ. ಮಳೆಗಾಲ ಒಳ್ಳೆಯದು, ಜುಲೈ, ಆಗಸ್ಟ್ ಅಂತಿಟ್ಟುಕೊಳ್ಳಿ. ಆಗಲೂ ಸಂಜೆ ಚಿಕ್ಕಮೇಳ (ಮನೆಮನೆಗೆ ಹೋಗಿ ಆಡುವ ಸಣ್ಣ ತಂಡ), ತಾಳಮದ್ದಳೆ (ವೇಷವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಆಟ) ಅಂತ ಹೊರಟಿರುತ್ತಾರೆ, ಹಾಗಾಗಿ ಬೆಳಿಗ್ಗೆ ಶುರು ಮಾಡಿ ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಸಿ. ಹಾಲ್ ಬುಕ್ ಮಾಡುವ ಮೊದಲು ಭಾಗವತರಿಗೆ ಫೋನ್ ಮಾಡಿ, ಅವರ ದಿನ ಸಿಕ್ಕಿದರೆ ಉಳಿದದ್ದೆಲ್ಲ ಹೊಂದಿಸಬಹುದು.